ಗೋಡೆಯ ಬಣ್ಣ: ನೀವು ಕೇಳಿದ್ದೀರಿ

ಪ್ರಶ್ನೆ: ನಮ್ಮ ಮನೆ ಅಡಿಕೆ ತೋಟದ ನಡುವೆ ಇದೆ. ಶೇಡ್ ಕಾರ್ಡ್ ನೋಡಿ ಚಾವಡಿಗೆ ತಿಳಿ ಕೆನೆಬಣ್ಣ ಆರಿಸಿದೆವು. ಅಂಗಡಿಯಲ್ಲಿ ಚೆನ್ನಾಗಿ ಕಂಡದ್ದು ಗೋಡೆಗೆ ಬಳಿದ ಮೇಲೆ ಹಸಿರುಹಸಿರಾಗಿ, ಮಂಕಾಗಿ ಕಾಣುತ್ತಿದೆ. ಪೇಂಟಿನ ದೋಷವೇ? ಇನ್ನು ಯಾವ ಬಣ್ಣ ಬಳಿಯಬಹುದು?
(ಬದಿಯಡ್ಕದ ಓದುಗರು)

ಉತ್ತರ: ಪೇಂಟಿನ ದೋಷವಲ್ಲ, ತೋಟದ ಬೆಳಕಿನ ಪರಿಣಾಮ. ನಿಮ್ಮ ಚಾವಡಿಗೆ ಬರುವ ಬೆಳಕು ಸೋಗೆ, ಬಾಳೆ ಎಲೆಗಳಿಗೆ ತಾಗಿ, ಅವುಗಳ ಹಸಿರನ್ನು ಹೊತ್ತುಕೊಂಡೇ ಒಳಗೆ ಬರುತ್ತದೆ. ಕೆನೆಬಣ್ಣದಲ್ಲಿ ಹಳದಿಯ ಅಂಶ ಮೊದಲೇ ಇದೆ. ಹಳದಿಗೆ ಹಸಿರು ಬೆಳಕು ಬಿದ್ದರೆ ಎಳೆ ಪಿಸ್ತಾ ಬಣ್ಣವಾಗುತ್ತದೆ. ಅಂಗಡಿಯ ಬಿಳಿ ದೀಪದಡಿ ಇದು ಗೊತ್ತೇ ಆಗುವುದಿಲ್ಲ.

ತೋಟದ ಮನೆಗೆ ಕೆಂಪಿನ ಸುಳಿವಿರುವ ತಿಳಿ ಬಣ್ಣ ಹೊಂದುತ್ತದೆ: ಗುಲಾಬಿ ಛಾಯೆಯ ಬಿಳಿ, ತಿಳಿ ಪೀಚ್, ತೆಳು ಮಣ್ಣಿನ ಬಣ್ಣ. ಆ ಕೆಂಪು ಹಸಿರನ್ನು ತಗ್ಗಿಸುತ್ತದೆ. ಆದರೆ ನಿಮ್ಮದು ಕೆಂಪು ರೆಡ್ ಆಕ್ಸೈಡ್ ನೆಲವಾದರೆ ಸ್ವಲ್ಪ ಜಾಗ್ರತೆ ಬೇಕು. ಬಿಸಿಲು ನೆಲಕ್ಕೆ ಬಿದ್ದಾಗ ಗೋಡೆಯ ಕೆಳಭಾಗಕ್ಕೆ ಕೆಂಪು ಚಿಮ್ಮುತ್ತದೆ. ಪೀಚ್ ಹಾಕಿದರೆ ಅಲ್ಲಿ ಅತಿಯಾಗುತ್ತದೆ. ಅಂಥ ಕಡೆ ಗುಲಾಬಿ ಛಾಯೆಯ ಬಿಳಿಯೇ ಸಾಕು. ಮೇಲೆ ಮರದ ಮುಚ್ಚಿಗೆ ಇದ್ದರೆ ಅದು ಬೆಳಕನ್ನು ಬಹಳಷ್ಟು ನುಂಗುತ್ತದೆ. ಶೇಡ್ ಕಾರ್ಡಿನಲ್ಲಿ ಎಲ್‌ಆರ್‌ವಿ ಎಂಬ ಸಂಖ್ಯೆ ಇದ್ದರೆ ಅದನ್ನು ನೋಡಿ. ಬಣ್ಣ ಎಷ್ಟು ಬೆಳಕನ್ನು ಮರಳಿ ಕೊಡುತ್ತದೆ ಎಂಬ ಲೆಕ್ಕ ಅದು. ಕಪ್ಪಿಗೆ 0, ಬಿಳಿಗೆ 100. ನಿಮ್ಮ ಚಾವಡಿಗೆ 70ಕ್ಕಿಂತ ಕಡಿಮೆಯದ್ದು ಬೇಡ.

ಈ ಸಲ ಕಾರ್ಡನ್ನು ನಂಬಿ ಡಬ್ಬಿ ತರಬೇಡಿ. ಒಂದು ಸಣ್ಣ ಡಬ್ಬಿ ಮಾತ್ರ ತಂದು 2 ಅಡಿ ಉದ್ದ, 2 ಅಡಿ ಅಗಲದ ಹಾರ್ಡ್‌ಬೋರ್ಡಿಗೆ ಮೊದಲು ಬಿಳಿ ಪ್ರೈಮರ್, ಆಮೇಲೆ ಎರಡು ಕೋಟು ಬಣ್ಣ ಬಳಿಯಿರಿ. ಎರಡು ಕೋಟಿಗೂ ಸೇರಿ 100 ಮಿಲಿ ಸಾಕು. ಸುತ್ತ ಎರಡು ಇಂಚು ಬಿಳಿ ಅಂಚು ಬಿಡಿ, ಇಲ್ಲದಿದ್ದರೆ ಹಳೆ ಗೋಡೆಯ ಬಣ್ಣ ಕಣ್ಣನ್ನು ದಾರಿ ತಪ್ಪಿಸುತ್ತದೆ. ಹಸಿಯಿರುವಾಗ ತೀರ್ಮಾನ ಬೇಡ. ಎಮಲ್ಷನ್ (ನೀರು ಬೆರೆಸಿ ಬಳಿಯುವ ಪೇಂಟ್) ಒಣಗಿದ ಮೇಲೆ ಒಂದಿಷ್ಟು ಗಾಢವಾಗುತ್ತದೆ. ಮರುದಿನ ಬೋರ್ಡನ್ನು ಕಿಟಕಿಯ ಪಕ್ಕದ ಗೋಡೆಗೂ ಕತ್ತಲಿನ ಮೂಲೆಗೂ ಒರಗಿಸಿ ಬೆಳಗ್ಗೆ ಎಂಟಕ್ಕೆ, ಮಧ್ಯಾಹ್ನ ಒಂದಕ್ಕೆ, ರಾತ್ರಿ ದೀಪ ಹಾಕಿ ನೋಡಿ. ಬಲ್ಬಿನ ಪೆಟ್ಟಿಗೆಯ ಮೇಲೆ 2700ಕೆ ಎಂದಿದ್ದರೆ ಹಳದಿ ಬೆಳಕು, 6500ಕೆ ಎಂದಿದ್ದರೆ ನೀಲಿ ಮಿಶ್ರಿತ ಬಿಳಿ. ಬಲ್ಬು ಬದಲಾದರೆ ಬಣ್ಣವೂ ಬದಲಾದಂತೆಯೇ. ಎರಡು ಶೇಡುಗಳ ನಡುವೆ ಮನಸ್ಸು ಓಲಾಡಿದರೆ ಹೆಚ್ಚು ತಿಳಿಯಾದ ಶೇಡನ್ನೇ ಹಿಡಿಯಿರಿ, ಬಣ್ಣ ಇಡೀ ಗೋಡೆಗೆ ಹರಡಿದಾಗ ಇನ್ನಷ್ಟು ಗಟ್ಟಿಯಾಗಿ ಕಾಣುತ್ತದೆ.

ಪ್ರಶ್ನೆ: ಕಡಲಿನಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ಮುರಕಲ್ಲಿನ ಮನೆ, ಸಾರಣೆ ಮಾಡಿದ್ದು. ಎರಡು ವರ್ಷದ ಹಿಂದೆ ಹೊರಗೋಡೆಗೆ ನೇರಳೆ ಹೊಡೆಸಿದೆವು. ಪಡುವಣ ಗೋಡೆ ಬಿಳಿಚಿದೆ, ಬಡಗಣ ಗೋಡೆ ಕಪ್ಪುಗಟ್ಟಿದೆ. ಯಾಕೆ ಹೀಗೆ?
(ಕುಂಬಳೆಯ ಓದುಗರು)

ಉತ್ತರ: ಎರಡಕ್ಕೂ ಬೇರೆ ಬೇರೆ ಕಾರಣಗಳಿವೆ. ನೇರಳೆ, ಕಡುಗೆಂಪು, ಕಿತ್ತಳೆಯಂಥ ಹೊಳಪಿನ ಬಣ್ಣಗಳಲ್ಲಿ ಹೆಚ್ಚಿನವು ಬಿಸಿಲಿಗೆ ಬೇಗ ಸೋಲುತ್ತವೆ. ಕಾವಿ, ಗೋಪಿ, ಕಂದು ಬಣ್ಣಗಳದ್ದು ಕಬ್ಬಿಣದ ಆಕ್ಸೈಡ್. ಅವು ಬಿಸಿಲಿಗೆ ಜಗ್ಗುವುದಿಲ್ಲ. ಗಾಢ ಬಣ್ಣದ ಮೇಲೆ ಉಪ್ಪಿನ ಬಿಳಿ ಕಲೆಗಳೂ ಎದ್ದು ಕಾಣುತ್ತವೆ. ಹೊರಗೆ ತಿಳಿ ಗೋಪಿ ಅಥವಾ ಮರಳಿನ ಬಣ್ಣ ಹಾಕಿ, ನೆಲದಿಂದ ಎರಡು ಅಡಿ ಎತ್ತರದವರೆಗೆ ಕಾವಿ ಪಟ್ಟಿ ಕೊಡಿ. ಮಳೆಹನಿ ಚಿಮ್ಮಿಸುವ ಕೆಂಪು ಮಣ್ಣು ಅದರಲ್ಲಿ ಅಡಗಿಹೋಗುತ್ತದೆ.

ಕಪ್ಪುಗಟ್ಟಿರುವುದು ಬೂಷ್ಟು. ಬಿಸಿಲು ಕಡಿಮೆ ಬೀಳುವ ಕಾರಣ ಬಡಗಣ ಗೋಡೆ ಒಣಗುವುದೇ ನಿಧಾನ. ಅದರ ಮೇಲೆಯೇ ಪೇಂಟ್ ಹೊಡೆದರೆ ಮುಂದಿನ ಮಳೆಗಾಲದಲ್ಲಿ ಒಳಗಿನಿಂದ ಮತ್ತೆ ಮೇಲೇಳುತ್ತದೆ. ಒಂದು ಲೀಟರ್ ನೀರಿಗೆ 150 ಗ್ರಾಂ ಬ್ಲೀಚಿಂಗ್ ಪೌಡರ್ ಕರಗಿಸಿ ಬಳಿದು, ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಗಟ್ಟಿ ಬ್ರಷ್ಷಿನಿಂದ ಉಜ್ಜಿ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಕೈಗವಸು ಹಾಕಿ. ಆಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಜೊತೆ ಇದನ್ನು ಎಂದಿಗೂ ಬೆರೆಸಬೇಡಿ, ವಿಷಾನಿಲ ಬರುತ್ತದೆ. ಕೆಲವು ದಿನ ಒಣಗಿದ ಮೇಲೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಗೋಡೆಗೆ ಅಂಟಿಸಿ. ಮರುದಿನ ಹಾಳೆಯ ಒಳಮೈಯಲ್ಲಿ ನೀರಹನಿ ಕಂಡರೆ ಗೋಡೆಯಲ್ಲಿ ಇನ್ನೂ ಪಸೆಯಿದೆ ಎಂದರ್ಥ. ಹಾಗಾಗಿ ತುಲಾ ಮಳೆ ಮುಗಿಯುವ ಮೊದಲೇ ಕೆಲಸಕ್ಕೆ ಇಳಿಯಬೇಡಿ; ಡಿಸೆಂಬರಿನಿಂದ ಮಾರ್ಚಿಯವರೆಗೆ ಸರಿಯಾದ ಕಾಲ.

ಹೊರಗಿನ ಎಮಲ್ಷನ್ ಲೀಟರಿಗೆ, ಎರಡು ಕೋಟು ಸೇರಿ, 50ರಿಂದ 60 ಚದರ ಅಡಿ ಎಂದು ಲೆಕ್ಕ ಹಿಡಿಯಿರಿ. 1,200 ಚದರ ಅಡಿ ಗೋಡೆಗೆ 20ರಿಂದ 24 ಲೀಟರ್. ಒಂದೇ ಶೇಡಿನ ಡಬ್ಬಿಗಳಲ್ಲೂ ಕೂದಲೆಳೆಯ ವ್ಯತ್ಯಾಸ ಇರುವುದುಂಟು. ಒಂದು ಗೋಡೆಗೆ ಬೇಕಾದಷ್ಟನ್ನು ದೊಡ್ಡ ಬಕೆಟಿಗೆ ಸುರಿದು ಕಲಸಿಕೊಂಡೇ ಶುರುಮಾಡಿ.

ಪ್ರಶ್ನೆ: ಹಳೆಯ ಸುಣ್ಣದ ಗೋಡೆಯ ಮೇಲೆ ನೇರವಾಗಿ ಎಮಲ್ಷನ್ ಹೊಡೆಯಬಹುದೇ?
(ಮುಳ್ಳೇರಿಯದ ಓದುಗರು)

ಉತ್ತರ: ಬೇಡ. ಅಂಗೈಯಿಂದ ಗೋಡೆ ಒರಸಿ ನೋಡಿ. ಬಿಳಿ ಪುಡಿ ಬಂದರೆ ಎಮಲ್ಷನ್ ಆ ಪುಡಿಗೆ ಅಂಟಿಕೊಳ್ಳುತ್ತದೆಯೇ ಹೊರತು ಗೋಡೆಗಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಹಪ್ಪಳದಂತೆ ಎದ್ದುಬರುತ್ತದೆ. ಒಂದೋ ಗಟ್ಟಿ ಸಾರಣೆ ಸಿಗುವ ತನಕ ಕೆರೆದು ಪ್ರೈಮರ್ ಹಾಕಿ, ಇಲ್ಲವೇ ಸುಣ್ಣದಲ್ಲೇ ಮುಂದುವರಿಯಿರಿ. ಪಸೆಯಿರುವ ಹಳೆ ಗೋಡೆಗೆ ನಮ್ಮ ಸಲಹೆ ಸುಣ್ಣವೇ, ಅದು ಗೋಡೆಯ ತೇವವನ್ನು ಹೊರಬಿಡುತ್ತದೆ. ಬಣ್ಣ ಬೇಕಿದ್ದರೆ ಆಕ್ಸೈಡ್ ಪುಡಿ ಬೆರೆಸಿ, ಸುಣ್ಣದ ತೂಕದ ಹತ್ತನೇ ಒಂದು ಪಾಲಿಗಿಂತ ಹೆಚ್ಚಾಗದಿರಲಿ. ಹೆಚ್ಚಾದರೆ ಬಣ್ಣ ಕೈಗೆ ಬರುತ್ತದೆ. ಬಳಿಯುವ ಮುಂಚೆ ಗೋಡೆಗೆ ನೀರು ಚಿಮುಕಿಸಿ, ಒಂದು ದಪ್ಪ ಕೋಟಿನ ಬದಲು ಮೂರು ತೆಳು ಕೋಟು ಕೊಡಿ. ಸುಣ್ಣದ ಬಣ್ಣ ಒಣಗಿದಾಗ ಎಮಲ್ಷನ್ನಿನಂತೆ ಗಾಢವಾಗುವುದಿಲ್ಲ, ತೀರಾ ತಿಳಿಯಾಗುತ್ತದೆ. ಬಕೆಟಿನಲ್ಲಿ ಕಡುವಾಗಿ ಕಂಡಿತೆಂದು ನೀರು ಸುರಿಯಬೇಡಿ.