ಹೌದು, ಆ ಚರ್ಚಿನ ಬಾಗಿಲು ಮುಚ್ಚಿದ್ದು ನಿಜ

ನಮಸ್ಕಾರ ಸರ್. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಓದುತ್ತಿರುವ ಮಗಳನ್ನು ನೋಡಲು ಹೋದಾಗ ಹತ್ತಿರದ ಈಮ್ ಹಳ್ಳಿಗೂ ಹೋಗ್ತೀವಿ, ಪ್ಲೇಗ್ ಬಂದಾಗ ಅಲ್ಲಿ ಚರ್ಚನ್ನೇ ಮುಚ್ಚಿದ್ದರಂತೆ, ನಿಜವಾ ಅಂತ ರಾಯಚೂರಿನಿಂದ ಕೇಳಿದ್ದೀರಿ. ನಿಜ ಸರ್.

1665ರಲ್ಲಿ ಲಂಡನ್ನಿನಿಂದ ಅಲ್ಲಿನ ದರ್ಜಿ ಮನೆಗೆ ಬಟ್ಟೆ ಗಂಟು ಬಂತು. ಅದರೊಳಗಿನ ಚಿಗಟಗಳಿಂದ ರೋಗ ಹಬ್ಬಿತು ಅಂತಾರೆ. ಮರುವರ್ಷ ಪಾದ್ರಿ ವಿಲಿಯಂ ಮಾಂಪೆಸನ್ ಮತ್ತು ಹಿಂದಿನ ಪಾದ್ರಿ ಥಾಮಸ್ ಸ್ಟಾನ್ಲಿ ಸೇರಿ ಊರವರನ್ನು ಒಪ್ಪಿಸಿದರು: ಯಾರೂ ಊರು ದಾಟಬಾರದು, ರೋಗ ಪಕ್ಕದ ಊರಿಗೆ ಹೋಗಬಾರದು. ಜನ ಒತ್ತೊತ್ತಾಗಿ ಕೂರಬಾರದೆಂದು ಚರ್ಚ್ ಮುಚ್ಚಿ, ಬಯಲಲ್ಲಿ ದೂರ ದೂರ ನಿಂತು ಪ್ರಾರ್ಥನೆ ಮಾಡಿದರು. ಸುಮಾರು 260 ಜನ ಸತ್ತರು. ಹೆಣಗಳನ್ನು ಮನೆಯವರೇ ಹಿತ್ತಲಲ್ಲೋ ಹೊಲದಲ್ಲೋ ಹೂಳಬೇಕಿತ್ತು. ಎಲಿಜಬೆತ್ ಹ್ಯಾನ್‌ಕಾಕ್ ಎಂಬ ತಾಯಿ ಎಂಟೇ ದಿನದಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ಮಣ್ಣು ಮಾಡಿದಳು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ನಮ್ಮ ಸಿರುಗುಪ್ಪ ಕಡೆ ಹಿರಿಯರು ಹೇಳುತ್ತಿದ್ದದ್ದು ಇದಕ್ಕೆ ಉಲ್ಟಾ ಅಲ್ವಾ? ಇಲಿ ಸತ್ತು ಬಿದ್ದರೆ ಊರು ಖಾಲಿ, ಹೊಲದಲ್ಲಿ ಗುಡಿಸಲು.

ಚರ್ಚಿನ ಅಂಗಳದಲ್ಲಿ ಮಾಂಪೆಸನ್ ಹೆಂಡತಿ ಕ್ಯಾಥರೀನ್ ಸಮಾಧಿ ಇದೆ, ಅವರನ್ನೂ ಪ್ಲೇಗೇ ಒಯ್ದದ್ದು. ಊರಾಚೆಯ ಗಡಿಕಲ್ಲನ್ನು ಮಾತ್ರ ಬಿಡಬೇಡಿ. ಕಲ್ಲಲ್ಲಿ ಆರು ಗುಳಿಗಳಿವೆ. ದುಡ್ಡಿನಿಂದ ರೋಗ ಅಂಟದಿರಲಿ ಅಂತ ಊರವರು ಅದರಲ್ಲಿ ವಿನೆಗರ್ ಸುರಿದು ನಾಣ್ಯ ಇಡುತ್ತಿದ್ದರು. ಹೊರಗಿನವರು ಊಟದ ಸಾಮಾನು ಇಟ್ಟು ದುಡ್ಡು ಒಯ್ಯುತ್ತಿದ್ದರು. ಆಗಸ್ಟ್ ಕೊನೆಯ ಭಾನುವಾರ ಹೋದರೆ ನೆನಪಿನ ಪ್ರಾರ್ಥನೆಯೂ ಸಿಗುತ್ತದೆ.