ಪ್ರತಿಕ್ರಿಯೆ: ಮದೀರಾ ವರ್ತಕರ ಔತಣಗಳು ದುಂದುಗಾರಿಕೆಯೇ?

ಹದಿನೆಂಟನೆಯ ಶತಮಾನದಲ್ಲಿ ಅಟ್ಲಾಂಟಿಕ್ ಸಾಗರದಲ್ಲಿರುವ ಪೋರ್ಚುಗಲ್ಲಿನ ಮದೀರಾ ದ್ವೀಪದ ಬಂದರು ಪಟ್ಟಣ ಫುಂಚಾಲ್‌ನಲ್ಲಿ ನೆಲೆಸಿದ್ದ ಬ್ರಿಟಿಷ್ ವೈನ್ ವರ್ತಕರು ಹಡಗಿನ ಕಪ್ತಾನರಿಗೂ ದಾರಿಹೋಕ ಪ್ರಯಾಣಿಕರಿಗೂ ಔತಣ ನೀಡುತ್ತಿದ್ದುದು ಬರೀ ದುಂದಲ್ಲವೇ ಎಂದು ಕೇಳಿದ್ದೀರಿ. ನನ್ನ ದೃಷ್ಟಿಯಲ್ಲಿ ಅದು ವ್ಯಾಪಾರದ್ದೇ ಒಂದು ಅಂಗ.

1663ರ ಇಂಗ್ಲಿಷ್ ಕಾಯಿದೆಯು ಮದೀರಾದ ವೈನನ್ನು ಇಂಗ್ಲೆಂಡಿನ ಬಂದರುಗಳಿಗೆ ಒಯ್ಯದೆ ನೇರವಾಗಿ ವಸಾಹತುಗಳಿಗೆ ಕಳುಹಿಸಲು ಅವಕಾಶ ಕೊಟ್ಟಿದ್ದರಿಂದ, ಈ ವರ್ತಕರ ಗಿರಾಕಿಗಳು ಸಾಗರದಾಚೆ ಅಮೆರಿಕದಲ್ಲೂ ವೆಸ್ಟ್ ಇಂಡೀಸ್‌ನಲ್ಲೂ ಚದುರಿದ್ದರು. ಕಾಗದಕ್ಕೆ ಉತ್ತರ ಬರಲು ತಿಂಗಳುಗಳೇ ಹಿಡಿಯುತ್ತಿದ್ದ ಆ ಕಾಲದಲ್ಲಿ ಪೀಪಾಯಿಗಳನ್ನು ಸಾಲದ ಮೇಲೆ ಕಳುಹಿಸಿ, ಬದಲಿಗೆ ಧಾನ್ಯ, ಒಣಮೀನು, ಪೀಪಾಯಿಯ ಹಲಗೆಗಳನ್ನೋ ಲಂಡನ್ನಿನಲ್ಲಿ ಹಣ ಪಡೆಯಬಹುದಾದ ಹುಂಡಿಪತ್ರವನ್ನೋ ಪಡೆಯುತ್ತಿದ್ದವನಿಗೆ, ಗಿರಾಕಿ ನಂಬಿಕಸ್ಥನೇ ಎಂದು ತಿಳಿಯಲು ನೆಂಟಸ್ತನ, ಸ್ನೇಹ ಮತ್ತು ಶಿಫಾರಸು ಪತ್ರಗಳೇ ಮುಖ್ಯ ಆಧಾರವಾಗಿದ್ದವು. ಯಾವ ಊರಿನಲ್ಲಿ ಬೆಲೆ ಏರಿದೆ, ಯಾರು ದಿವಾಳಿಯೆದ್ದಿದ್ದಾರೆ ಎಂಬ ಸುದ್ದಿ ಊಟದ ಮೇಜಿನ ಮೇಲೆಯೇ ಸಿಗುತ್ತಿತ್ತು. ಉಂಡೆದ್ದ ಅತಿಥಿ ಮುಂದೆ ಗಿರಾಕಿಯೂ ಆಗಬಹುದಿತ್ತು.

ನಮ್ಮ ಕಡೆಗೂ ಇದರ ನಂಟಿದೆ: ಭಾರತಕ್ಕೆ ಬರುತ್ತಿದ್ದ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಮದೀರಾದಲ್ಲಿ ವೈನ್ ತುಂಬಿಕೊಳ್ಳುತ್ತಿದ್ದವು. ಉಷ್ಣವಲಯದ ಬಿಸಿಲಿನಲ್ಲಿ ಕೆಡಬೇಕಾದ ಪಾನೀಯ ಇನ್ನಷ್ಟು ಹದವಾಗುತ್ತದೆಂದು ಕಂಡುಕೊಂಡ ವರ್ತಕರು, ಹೀಗೆ ಭಾರತ ಸುತ್ತಿ ಬಂದ ಪೀಪಾಯಿಗೆ ಹೆಚ್ಚಿನ ಬೆಲೆ ಹೇಳತೊಡಗಿದರು.