ಎಲ್ಲ ಜೀವಿಗಳಲ್ಲೂ ದೇವರಿದ್ದಾನೆ ಅಂತ ಶಾಸ್ತ್ರದಲ್ಲಿ ನಿಜವಾಗ್ಲೂ ಇದ್ಯಾ? ಇದ್ರೆ ಪೂಜೆ ಯಾಕೆ, ಸೊಳ್ಳೆ ಹೊಡೆದ್ರೆ ಪಾಪಾನಾ?

ಒಂದೇ ಉಸಿರಲ್ಲಿ ಮೂರು ಪ್ರಶ್ನೆ ಕೇಳಿದೀರಿ, ಮೂರೂ ಒಳ್ಳೇ ಪ್ರಶ್ನೆನೇ. ನಾನು ಪಂಡಿತ ಅಲ್ಲ ಅಂತ ಮೊದ್ಲೇ ಹೇಳ್ಬಿಡ್ತೀನಿ, ತಾತನ ಪಕ್ಕ ಕೂತು ಕಲಿತಿದ್ದು, ಆಮೇಲೆ ಅರ್ಥ ಸಹಿತ ಪುಸ್ತಕ ಇಟ್ಕೊಂಡು ಓದಿದ್ದು, ಅಷ್ಟೇ.

ಶಾಸ್ತ್ರದಲ್ಲಿ ಇದ್ಯಾ ಅಂದ್ರೆ ಇದೆ, ಅದೂ ಎಲ್ಲೋ ಮೂಲೇಲಿ ಅಲ್ಲ. ಗೀತೆ 18ನೇ ಅಧ್ಯಾಯದ 61ನೇ ಶ್ಲೋಕ "ಈಶ್ವರಃ ಸರ್ವಭೂತಾನಾಂ ಹೃದ್ದೇಶೇಽರ್ಜುನ ತಿಷ್ಠತಿ" ಅನ್ನುತ್ತೆ, ಇಲ್ಲಿ ಭೂತ ಅಂದ್ರೆ ದೆವ್ವ ಅಲ್ಲ ಮತ್ತೆ, ಹುಟ್ಟಿ ಬಂದ ಜೀವ ಎಲ್ಲಾ, ಅವುಗಳ ಹೃದಯದಲ್ಲಿ ಈಶ್ವರ ಇದ್ದಾನೆ ಅಂತ. ಅದಕ್ಕೂ ಹಿಂದೆ ಬೃಹದಾರಣ್ಯಕ ಉಪನಿಷತ್ತಲ್ಲಿ ಜನಕನ ಸಭೆ ಬರುತ್ತೆ, ಅಲ್ಲಿ ಉದ್ದಾಲಕ ಆರುಣಿ ಯಾಜ್ಞವಲ್ಕ್ಯನಿಗೆ ಅಂತರ್ಯಾಮಿ ಯಾರು ಹೇಳು, ಅದು ಗೊತ್ತಿಲ್ದೆ ದೊಡ್ಡ ಜ್ಞಾನಿಗೆ ಅಂತ ಜನಕ ಇಟ್ಟ ಹಸುಗಳನ್ನ ಹೊಡ್ಕೊಂಡು ಹೋದ್ರೆ ನಿನ್ನ ತಲೆ ಬೀಳುತ್ತೆ ಅಂತ ಹೆದರಿಸ್ತಾನೆ, ಆಗ ಯಾಜ್ಞವಲ್ಕ್ಯ ಭೂಮಿ, ನೀರು, ಬೆಂಕಿ ಅಂತ ಶುರು ಮಾಡಿ ಎಲ್ಲ ಪ್ರಾಣಿಗಳು, ಕಣ್ಣು, ಕಿವಿ, ಮನಸ್ಸಿನ ತನಕ ಬಂದು, ಇವುಗಳ ಒಳಗಿದ್ದು ನಡೆಸೋನು, ಆದ್ರೆ ಇವುಗಳಿಗೇ ಗೊತ್ತಾಗದೋನು, ಅವನೇ ಅಂತರ್ಯಾಮಿ ಅಂತಾನೆ. ಒಳಗಿರೋನಿಗೂ ಜೀವಕ್ಕೂ ಏನು ಸಂಬಂಧ ಅನ್ನೋದ್ರಲ್ಲಿ ಮಾತ್ರ ಆಚಾರ್ಯರಿಗೆ ಜಗಳ. ಶಂಕರರು ಎರಡೂ ಒಂದೇ ಅಂತಾರೆ, ರಾಮಾನುಜರು ಜೀವ ಅವನ ಶರೀರ ಇದ್ದಂಗೆ ಅಂತಾರೆ, ಮಧ್ವರು ಇಬ್ಬರೂ ಯಾವತ್ತಿಗೂ ಬೇರೆ ಅಂತಾರೆ, ಒಂದೇ ಮರದಲ್ಲಿ ಎರಡು ಹಕ್ಕಿ, ಒಂದು ಹಣ್ಣು ತಿನ್ನುತ್ತೆ ಇನ್ನೊಂದು ನೋಡ್ತಿರುತ್ತೆ ಅನ್ನೋ ಮುಂಡಕ ಉಪನಿಷತ್ತಿನ ಮಂತ್ರ ಅವರ ಕಡೆಯವರಿಗೆ ಬಲು ಇಷ್ಟ. ಆದ್ರೆ ಒಳಗೆ ಇದ್ದಾನಾ ಇಲ್ವಾ ಅನ್ನೋದ್ರಲ್ಲಿ ಮೂವರಿಗೂ ತಕರಾರಿಲ್ಲ.

ನಿಮ್ಮ ಪೂಜೆ ಪ್ರಶ್ನೆಗೆ ನೇರ ಉತ್ತರ ಭಾಗವತದಲ್ಲಿದೆ, 3ನೇ ಸ್ಕಂಧ 29ನೇ ಅಧ್ಯಾಯ, ವಿಷ್ಣುವಿನ ಅವತಾರ ಅನ್ನೋ ಕಪಿಲ ತನ್ನ ತಾಯಿ ದೇವಹೂತಿಗೆ ಹೇಳೋದು. ನಾನು ಎಲ್ಲ ಪ್ರಾಣಿಗಳಲ್ಲೂ ಆತ್ಮನಾಗಿ ಯಾವಾಗ್ಲೂ ಇದೀನಿ, ಅಲ್ಲಿ ನನ್ನನ್ನ ಕಡೆಗಣಿಸಿ ವಿಗ್ರಹಕ್ಕೆ ಪೂಜೆ ಮಾಡೋನು ಮಾಡ್ತಿರೋದು "ಅರ್ಚಾವಿಡಂಬನ" ಅಂತಾನೆ. ಅಣಕ ಅಂತ. ಪೂಜೆ ಹೆಸರಲ್ಲಿ ಅಣಕ! ಮುಂದಿನ ಶ್ಲೋಕ ಇನ್ನೂ ಖಾರ, ಅಂಥೋನು "ಭಸ್ಮನ್ಯೇವ ಜುಹೋತಿ", ಬೂದಿಗೆ ತುಪ್ಪ ಸುರೀತಿದಾನೆ ಅಂತ.

ಈ ಬೂದಿ ಮಾತು ನನಗೆ ಅರ್ಥ ಆಗಿದ್ದು ಒಂದು ಶಿವರಾತ್ರಿ ದಿನ. ಮನೇಲಿ ರುದ್ರಾಭಿಷೇಕ, ನಾನು ಮಡಿ ಉಟ್ಕೊಂಡು ಕೂತಿದೀನಿ, ಬಾಗಿಲು ತೆಗ್ದೇ ಇತ್ತು, ಕಸದ ಗಾಡಿ ತಳ್ಕೊಂಡು ಬರೋ ಹೆಂಗಸು ಗೇಟ್ ಹತ್ರ ನಿಂತು "ಅಣ್ಣಾ, ಕುಡಿಯೋಕೆ ಒಂದ್ ಲೋಟ ನೀರು ಕೊಡಿ" ಅಂದ್ರು. ನಾನು ಗಂಟೆ ಹಿಡಿದ ಕೈಲೇ ಆಮೇಲೆ ಅಂತ ಸನ್ನೆ ಮಾಡ್ದೆ. ಮಂಗಳಾರತಿ ಮುಗ್ಸಿ ಲೋಟ ಹಿಡ್ಕೊಂಡು ಹೊರಗೆ ಬರೋ ಹೊತ್ತಿಗೆ ಗಾಡಿ ಮುಂದಿನ ರಸ್ತೆಗೆ ಹೋಗಿತ್ತು. ತಾತ ಜಗಲಿ ಮೇಲೆ ಕೂತು ಎಲ್ಲಾ ನೋಡಿದ್ರು, ಬೈಲಿಲ್ಲ, "ಅಭಿಷೇಕಕ್ಕೆ ಎಷ್ಟು ಬಿಂದಿಗೆ ನೀರು ಹಿಡೀತೋ ಇವತ್ತು?" ಅಂತ ಕೇಳಿದ್ರು ಅಷ್ಟೇ.

ಹಾಗಂತ ಕಪಿಲ ಪೂಜೆ ಬಿಡಿ ಅಂತ ಹೇಳಲ್ಲ, ಇದನ್ನ ತುಂಬಾ ಜನ ಅರ್ಧಕ್ಕೆ ಓದಿ ಬಿಟ್ಬಿಡ್ತಾರೆ. ಮೂರು ಶ್ಲೋಕ ಆದ್ಮೇಲೆ ಅವನೇ, ನಿನ್ನ ಹೃದಯದಲ್ಲಿ, ಎಲ್ಲ ಜೀವಿಗಳಲ್ಲಿ ಇರೋ ನನ್ನನ್ನ ಅರಿಯೋ ತನಕ ವಿಗ್ರಹದಲ್ಲಿ ಪೂಜೆ ಮಾಡ್ತಿರು ಅಂತಾನೆ. ಆಮೇಲೆ ಪ್ರಾಣಿಗಳೊಳಗೆ ಇರೋ ನನ್ನ ಪೂಜೆಗೆ ಸಾಮಗ್ರಿ ಏನು ಅಂತಲೂ ಹೇಳ್ತಾನೆ: ದಾನ, ಮಾನ, ಸ್ನೇಹ, ಭೇದ ಇಲ್ದಿರೋ ಕಣ್ಣು. ಅಲ್ಲಿ ದೇವರಿಗೆ ಬಳಸಿರೋ ಪದ "ಕೃತಾಲಯ", ಪ್ರಾಣಿಗಳೊಳಗೆ ಮನೆ ಮಾಡ್ಕೊಂಡೋನು ಅಂತ. ದೇವಾಲಯದ ಆಲಯನೇ ಅದು.

ಬೂದಿ ಹೋಲಿಕೆ ಛಾಂದೋಗ್ಯ 5ನೇ ಅಧ್ಯಾಯದ ಕೊನೇಲೂ ಇದೆ, ಅಲ್ಲಿ ಊಟಾನೇ ಅಗ್ನಿಹೋತ್ರ, ಅಂದ್ರೆ ದಿನಾ ಬೆಂಕಿಗೆ ಕೊಡೋ ಹೋಮ. ತಾತ ಊಟಕ್ಕೆ ಕೂತಾಗ ನೋಡ್ಬೇಕಿತ್ತು ನೀವು, ಎಲೆ ಸುತ್ತ ನೀರು ಕಟ್ಟಿ, ಬಲಗಡೆ ನಾಕು ಚಿಟಿಕೆ ಅನ್ನ ಚಿತ್ರಾಹುತಿ ಇಟ್ಟು, ಆಪೋಶನ ಅಂತ ಅಂಗೈಲಿ ಒಂದು ಗುಟುಕು ನೀರು ತಗೊಂಡು, ಪ್ರಾಣಾಯ ಸ್ವಾಹಾ ಅಪಾನಾಯ ಸ್ವಾಹಾ ಅಂತ ಐದು ಸಲ ತುಪ್ಪದ ಅನ್ನದ ಅಗುಳು ಹಲ್ಲಿಗೆ ತಾಗಿಸದೆ ನುಂಗೋರು. ಹೋಮ ಅದು, ಕುಂಡ ಹೊಟ್ಟೆ. ಗೀತೇಲಿ ಕೃಷ್ಣ ನಾನೇ ವೈಶ್ವಾನರನಾಗಿ, ಅಂದ್ರೆ ಹೊಟ್ಟೆಯೊಳಗಿನ ಬೆಂಕಿಯಾಗಿ, ಪ್ರಾಣಿಗಳ ದೇಹದಲ್ಲಿದ್ದು ಅನ್ನ ಅರಗಿಸ್ತೀನಿ ಅಂದಿದ್ದೂ ಇದನ್ನೇ. ಈ ವೈಶ್ವಾನರನ್ನ ತಿಳೀದೆ ಅಗ್ನಿಹೋತ್ರ ಮಾಡೋನು ಕೆಂಡ ಪಕ್ಕಕ್ಕೆ ಸರಿಸಿ ಬೂದೀಲಿ ಹೋಮ ಮಾಡಿದ ಹಾಗೆ ಅನ್ನುತ್ತೆ ಉಪನಿಷತ್ತು, ತಿಳಿದೋನು ಚಂಡಾಲನಿಗೆ ಎಂಜಲು ಕೊಟ್ರೂ ಅದು ಆ ವೈಶ್ವಾನರನಿಗೇ ಸೇರುತ್ತೆ ಅಂತಲೂ ಅನ್ನುತ್ತೆ. ಓದೋವಾಗ ನನಗೆ ಇಲ್ಲಿ ಚುಚ್ಚುತ್ತೆ, ಒಳಗಿರೋ ಬೆಂಕಿ ಒಂದೇ ಅಂತ ಕಂಡವರಿಗೂ ಆ ಚಂಡಾಲನಿಗೆ ಕೊಡೋದು ಎಂಜಲು ಅಂತಲೇ ಯಾಕೆ ಹೊಳೀತೋ. ಬ್ರಾಹ್ಮಣ, ಹಸು, ಆನೆ, ನಾಯಿ, ನಾಯಿ ಮಾಂಸ ತಿನ್ನೋನು, ಎಲ್ಲರಲ್ಲೂ ಜ್ಞಾನಿ ಸಮವಾದದ್ದನ್ನೇ ಕಾಣ್ತಾನೆ ಅನ್ನೋ ಗೀತೆ ಶ್ಲೋಕಾನ ರಾಗವಾಗಿ ಹೇಳ್ತಿದ್ದ ಬೀದಿಗಳಲ್ಲೇ ಜನರನ್ನ ಒಳಗೆ ಬಿಡ್ತಿರ್ಲಿಲ್ಲ. ಅದನ್ನ ಮುಚ್ಚಿಟ್ಟು ನಮ್ಮ ಶಾಸ್ತ್ರ ಎಷ್ಟು ಶ್ರೇಷ್ಠ ನೋಡಿ ಅನ್ನೋಕೆ ನನಗೆ ಬಾಯಿ ಬರಲ್ಲ.

ಇನ್ನು ಸೊಳ್ಳೆ. ಸಮ ಅಂತ ಕಾಣೋದು ಬೇರೆ, ಎಲ್ಲರ ಜೊತೆ ಒಂದೇ ಥರ ನಡ್ಕೊಳ್ಳೋದು ಬೇರೆ. ರಾಮಕೃಷ್ಣ ಪರಮಹಂಸರ ಕಥೇಲಿ ಆನೆಯೂ ನಾರಾಯಣ ಅಂತ ದಾರೀಲೇ ನಿಂತ ಶಿಷ್ಯ ಏಟು ತಿಂದು ಬಿದ್ದಾಗ ಗುರು, ಓಡು ಓಡು ಅಂತ ಕೂಗಿದ ಮಾವುತ ನಾರಾಯಣನ ಮಾತು ಯಾಕಪ್ಪ ಕೇಳ್ಲಿಲ್ಲ ಅಂತಾರೆ. ಸಂಸಾರಿ ಕೈಲಿ ಜೀವ ಹೋಗೋದನ್ನ ತಪ್ಪಿಸೋಕಾಗಲ್ಲ ಅಂತ ಮನುಸ್ಮೃತಿಗೂ ಗೊತ್ತು, ಒಲೆ, ಬೀಸೋ ಕಲ್ಲು, ಪೊರಕೆ, ಒರಳು-ಒನಕೆ, ನೀರಿನ ಕೊಡ, ಈ ಐದನ್ನೂ ಮನೆಯ ಕಸಾಯಿಖಾನೆ ಅಂತಲೇ ಕರೆದಿದೆ, ಪಂಚಸೂನಾ ಅಂತ. ಅದಕ್ಕೆ ಪ್ರಾಯಶ್ಚಿತ್ತ ದಿನಾ ಮಾಡೋ ಪಂಚಮಹಾಯಜ್ಞ, ಅದ್ರಲ್ಲಿ ಭೂತಯಜ್ಞ ಅಂದ್ರೆ ನಾಯಿ, ಕಾಗೆ, ಹುಳಹುಪ್ಪಟೆಗೆ ಅನ್ನ ಇಡೋದು. ನಮ್ಮನೇಲಿ ಸೊಳ್ಳೆ ಬ್ಯಾಟ್ ಇದೆ, ಸುಳ್ಳು ಹೇಳಲ್ಲ. ಕಾಗೆಗೆ ಅನ್ನಾನೂ ಇಡ್ತೀವಿ, ಗೇಟ್ ಹತ್ರ ಒಂದು ಮಣ್ಣಿನ ಹೂಜಿ, ಲೋಟ ಕೂಡ ಇದೆ ಈಗ.